ಫೇರಿಂಗ್ ಬಿಚ್ಚಿಸದೆ ಅಡ್ವಾನ್ಸ್ ಕೊಡಬೇಡಿ

ಇದ್ದ ಸ್ಪೋರ್ಟ್ಸ್ ಬೈಕು ಕಳುವಾಗಿದೆ, ಇಲ್ಲವೇ ಅಪಘಾತದಲ್ಲಿ ಜಖಂಗೊಂಡು ಮೂಲೆ ಸೇರಿದೆ, ಅದೂ ಅಲ್ಲದಿದ್ದರೆ ಓಡಿ ಓಡಿ ಸವೆದಿದೆ. ಅದರ ಜಾಗಕ್ಕೆ ಇನ್ನೊಂದು ಬೇಕು. ಹೊಸದರ ಆನ್‌ರೋಡ್ ಬೆಲೆ ಕೇಳಿ ಎದೆ ಧಸಕ್ ಎಂದವರು ಸೆಕೆಂಡ್ ಹ್ಯಾಂಡ್ ಕಡೆಗೆ ತಿರುಗುತ್ತಾರೆ. ಮೊಬೈಲಿನಲ್ಲಿ ಫೋಟೊ ನೋಡುತ್ತಾರೆ, ಭಾನುವಾರ ಹೋಗಿ ಗಾಡಿ ಸ್ಟಾರ್ಟ್ ಮಾಡಿಸಿ ಸೌಂಡ್ ಕೇಳುತ್ತಾರೆ, ಓಡಿದ ಕಿಲೋಮೀಟರ್ ಓದುತ್ತಾರೆ, ಆರ್‌ಸಿ ಕಾರ್ಡ್ ತಿರುಗಿಸಿ ನೋಡಿ ಹತ್ತು ಸಾವಿರ ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಫೇರಿಂಗ್ ಎಂಬ ಪ್ಲಾಸ್ಟಿಕ್ ಹೊದಿಕೆಯ ಒಳಗೆ ಏನಿದೆ ಎಂದು ಮಾತ್ರ ಯಾರೂ ನೋಡುವುದಿಲ್ಲ. ಈ ಲೇಖನ ಬರೆಯುತ್ತಿರುವುದೇ ಆ ಒಂದು ಕಾರಣಕ್ಕೆ.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. 2003ರಲ್ಲಿ ಹೀರೊ ಹೋಂಡಾ ಕರಿಜ್ಮಾ, 2008ರಲ್ಲಿ ಯಮಹಾ ಆರ್15, 2009ರಲ್ಲಿ ಕವಾಸಾಕಿ ನಿಂಜಾ 250ಆರ್, 2014ರಲ್ಲಿ ಕೆಟಿಎಂನ ಆರ್‌ಸಿ ಜೋಡಿ, 2017ರ ಕೊನೆಗೆ ನಮ್ಮ ಪಕ್ಕದ ಹೊಸೂರಿನ ಟಿವಿಎಸ್‌ನಿಂದ ಅಪಾಚೆ ಆರ್‌ಆರ್ 310 ಬಂದವು. ಹಾಗಾಗಿ ಇವತ್ತು ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಹದಿನೈದು ವರ್ಷ ಹಳೆಯದೂ ಇದೆ, ಆರು ತಿಂಗಳು ಓಡಿದ್ದೂ ಇದೆ. ಆಯ್ಕೆಗೆ ಕೊರತೆಯಿಲ್ಲ. ತೊಂದರೆ ಇರುವುದು ಆಯ್ಕೆ ಮಾಡುವ ಕ್ರಮದಲ್ಲಿ.

ಹೆಜ್ಜೆ 1: ಹಳೆಯದು ಏಕೆ ಹೋಗುತ್ತಿದೆ?

ಮೊದಲು ಈ ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಕೆ.ಆರ್. ಪುರದಿಂದ ಶಿವಾಜಿನಗರಕ್ಕೆ ದಿನವೂ ಬಂದು ಹೋಗಿ ಮಣಿಕಟ್ಟು, ಸೊಂಟ ನೋಯುತ್ತಿದೆ ಎಂಬ ಕಾರಣಕ್ಕೆ ಹಳೆಯ ಬೈಕು ಮಾರುತ್ತಿದ್ದರೆ, ಅದೇ ರೀತಿ ಮುಂದಕ್ಕೆ ಬಾಗಿ ಕೂರಿಸುವ ಇನ್ನೊಂದನ್ನು ತಂದು ಪ್ರಯೋಜನವಿಲ್ಲ. ಟಿನ್ ಫ್ಯಾಕ್ಟರಿ ಬಳಿ ಒಂದೊಂದೇ ಅಡಿ ಸರಿಯುವ ಟ್ರಾಫಿಕ್ಕಿನಲ್ಲಿ ದೇಹದ ಮೇಲ್ಭಾಗದ ಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ. ವಾರಕ್ಕೊಮ್ಮೆ ನಂದಿಬೆಟ್ಟಕ್ಕೋ ಕೋಲಾರದ ಕಡೆಗೋ ಹೋಗುವವರ ಬೈಕೇ ಬೇರೆ, ದಿನವೂ ಆಫೀಸಿಗೆ ಹೋಗುವವರ ಬೈಕೇ ಬೇರೆ.

ಬೈಕು ಕಳುವಾಗಿದ್ದರೆ ಅಥವಾ ಪೂರ್ತಿ ಜಖಂಗೊಂಡಿದ್ದರೆ ವಿಮೆ ಕಂಪನಿ ಕೊಡುವುದು ನೀವು ಕೊಂಡ ಬೆಲೆಯನ್ನಲ್ಲ, ಪಾಲಿಸಿಯಲ್ಲಿ ನಮೂದಾದ ಐಡಿವಿ ಮೊತ್ತವನ್ನು. ಅದರಲ್ಲಿ ಮೂರರಿಂದ ನಾಲ್ಕು ವರ್ಷದ ಗಾಡಿಗೆ ಶೇ 40, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇ 50 ಸವಕಳಿ ಕಳೆದಿರುತ್ತದೆ. ಮುಂದಿನ ಬೈಕಿನ ಬಜೆಟ್ ಈ ಮೊತ್ತದಿಂದ ಶುರುವಾಗಲಿ. ಇನ್ನೊಂದು ಮಾತು: ಬೈಕು ಬಿದ್ದು ತಲೆಗೆ ಪೆಟ್ಟು ಬಿದ್ದಿದ್ದರೆ ಹೆಲ್ಮೆಟ್ಟನ್ನೂ ಬದಲಿಸಲೇಬೇಕು. ಒಳಗಿನ ಥರ್ಮೊಕೋಲ್ ಪದರ ಒಮ್ಮೆ ಕುಸಿದರೆ ಮತ್ತೆ ಕೆಲಸ ಮಾಡುವುದಿಲ್ಲ. ಹೊರಗಿನಿಂದ ಅದು ಕಾಣುವುದೂ ಇಲ್ಲ. ಐಎಸ್‌ಐ ಗುರುತಿನ ಹೆಲ್ಮೆಟ್ಟಿನ ದುಡ್ಡನ್ನು ಬಜೆಟ್ಟಿನಲ್ಲಿ ಮೊದಲೇ ತೆಗೆದಿಡಿ.

ಹೆಜ್ಜೆ 2: ಯಾವ ಬೈಕು?

ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಏಕೆಂದರೆ ಇದನ್ನು ಓದುಗರು ನನಗಿಂತ ಚೆನ್ನಾಗಿ ಬಲ್ಲರು. ಆರ್15 ನಾಲ್ಕನೇ ಆವೃತ್ತಿ 18.4 ಪಿಎಸ್ ಶಕ್ತಿಯದ್ದು, 142 ಕಿಲೋ ಆಸುಪಾಸಿನ ತೂಕ. ಹಗುರ, ಬಿಡಿಭಾಗ ಎಲ್ಲೆಡೆ ಸಿಗುತ್ತದೆ. ಸುಜುಕಿ ಜಿಕ್ಸರ್ ಎಸ್‌ಎಫ್ 250 ಆಯಿಲ್ ಕೂಲಿಂಗ್‌ನದು, ಕೂರುವ ಭಂಗಿಯೂ ಇದ್ದುದರಲ್ಲಿ ನೆಟ್ಟಗೆ; ದಿನವೂ ಓಡಿಸುವವರಿಗೆ ನನ್ನ ಮೊದಲ ಸಲಹೆ ಅದೇ. ಆರ್‌ಆರ್ 310 ಸುಮಾರು 174 ಕಿಲೋ ತೂಗುತ್ತದೆ. ಆರ್‌ಸಿ 390 ಓಡಿಸಲು ಬಲು ಚೆಂದ, ಆದರೆ ಬೇಸಗೆಯ ಸಂಜೆ ಸಿಗ್ನಲ್‌ನಲ್ಲಿ ನಿಂತಾಗ ಅದರ ಬಿಸಿ ತೊಡೆಗೆ ಬಡಿಯುತ್ತದೆ. ಮೊದಲ ಸ್ಪೋರ್ಟ್ಸ್ ಬೈಕನ್ನು ಬೀಳಿಸಿಕೊಂಡವರು ಎರಡನೆಯದಕ್ಕೆ ಅದರ ದುಪ್ಪಟ್ಟು ಶಕ್ತಿಯದ್ದನ್ನು ಆರಿಸುವುದು ನನಗೆ ಒಪ್ಪಿಗೆಯಿಲ್ಲ.

ಹೊಸದೋ ಹಳೆಯದೋ ಎಂಬ ಲೆಕ್ಕವನ್ನು ಈಗ ಮತ್ತೆ ಹಾಕಬೇಕು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, 350 ಸಿಸಿ ಮೇಲ್ಪಟ್ಟವಕ್ಕೆ ಶೇ 40ಕ್ಕೆ ಏರಿದೆ. ಹಾಗಾಗಿ ಆರ್15, ಜಿಕ್ಸರ್, ಆರ್‌ಆರ್ 310, ನಿಂಜಾ 300 ಹೊಸದೇ ಅಗ್ಗವಾಗಿರುವಾಗ ಅವುಗಳ ಸೆಕೆಂಡ್ ಹ್ಯಾಂಡ್‌ಗೆ ಹಳೆಯ ಬೆಲೆ ಕೇಳಿದರೆ ಕೊಡಬೇಡಿ. 373 ಸಿಸಿಯ ಆರ್‌ಸಿ 390 ಮಾತು ತಿರುಗುಮುರುಗು. ಅಲ್ಲಿ ಹಳೆಯದಕ್ಕೆ ಬೇಡಿಕೆ ಇದ್ದೇ ಇರುತ್ತದೆ.

ವರ್ಷದ ವಿಷಯದಲ್ಲಿ ನನ್ನ ಗೆರೆ ಇಷ್ಟೆ: ಎಬಿಎಸ್ ಇಲ್ಲದ ಸ್ಪೋರ್ಟ್ಸ್ ಬೈಕು ಬೇಡ. 125 ಸಿಸಿ ಮೇಲ್ಪಟ್ಟ ಎಲ್ಲ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಅದು ಕಡ್ಡಾಯವಾಯಿತು. 2020ರ ಏಪ್ರಿಲ್ ನಂತರದವು ಬಿಎಸ್6. ಹಳೆಯ ಬೈಕು ತಿಂಗಳುಗಟ್ಟಲೆ ನಿಂತಿದ್ದರೆ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುವುದರಿಂದ ಟ್ಯಾಂಕಿನ ತಳದಲ್ಲಿ ತುಕ್ಕು ಹಿಡಿದಿರಬಹುದು.

ಹೆಜ್ಜೆ 3: ಹೊದಿಕೆಯ ಒಳಗೆ ನೋಡಿ

ಸಾಮಾನ್ಯ ಬೈಕು ಬಿದ್ದರೆ ಗೊತ್ತಾಗುತ್ತದೆ. ಎಂಜಿನ್ನು, ಫ್ರೇಮು ಎಲ್ಲ ಕಣ್ಣೆದುರೇ ಇರುತ್ತವೆ. ಸ್ಪೋರ್ಟ್ಸ್ ಬೈಕಿನಲ್ಲಿ ಮುಂದಿನ ಡೂಮ್‌ನಿಂದ ಎಂಜಿನ್ ಕೆಳಗಿನವರೆಗೆ ಪ್ಲಾಸ್ಟಿಕ್ ಮುಚ್ಚಿರುತ್ತದೆ. ಆ ಪ್ಲಾಸ್ಟಿಕ್ ಬದಲಿಸುವುದು ಬೆಂಗಳೂರಿನಷ್ಟು ಸುಲಭ ಬೇರೆಲ್ಲೂ ಇಲ್ಲವೇನೋ. ಶಿವಾಜಿನಗರದ ಗುಜರಿಯಲ್ಲಿ, ರಸೆಲ್ ಮಾರ್ಕೆಟ್‌ನಿಂದ ನಡೆದುಹೋಗುವ ದೂರದ ಗಲ್ಲಿಗಳಲ್ಲಿ, ಹಳೆಯ ಗಾಡಿಗಳಿಂದ ಬಿಚ್ಚಿದ ಡೂಮ್, ಪ್ಯಾನೆಲ್, ಟ್ಯಾಂಕು, ಸೈಲೆನ್ಸರ್ ರಾಶಿ ಬಿದ್ದಿರುತ್ತವೆ. ಕಂಪನಿಯ ಬೆಲೆ ಕೊಡಲಾಗದವರಿಗೆ ಈ ಗಲ್ಲಿಗಳು ಆಸರೆ. ಉತ್ಪಾದನೆ ನಿಂತ ಬೈಕುಗಳು ಇನ್ನೂ ರಸ್ತೆಯ ಮೇಲಿವೆ ಎಂದರೆ ಅದರಲ್ಲಿ ಇಲ್ಲಿನ ಕೈಗಳ ಪಾಲು ದೊಡ್ಡದು. ಇಲ್ಲಿನ ಮೆಕ್ಯಾನಿಕ್‌ಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅದೇ ಸೌಲಭ್ಯದಿಂದ ಜಖಂಗೊಂಡ ಬೈಕಿಗೂ ಎರಡೇ ದಿನದಲ್ಲಿ ಹೊಸ ಬಟ್ಟೆ ತೊಡಿಸಬಹುದು ಎಂಬುದು ಕೊಳ್ಳುವವರ ನೆನಪಿನಲ್ಲಿರಬೇಕು.

ಆದ್ದರಿಂದ ಫೋನಿನಲ್ಲೇ ಕೇಳಿಬಿಡಿ: "ಎರಡೂ ಕಡೆ ಪ್ಯಾನೆಲ್ ಬಿಚ್ಚಿ ನೋಡ್ತೀವಿ, ಮೆಕ್ಯಾನಿಕ್ ನಾವೇ ಕರೆತರ್ತೀವಿ, ಕೂಲಿ ನಮ್ದೇ." ನಿಜವಾಗಿ ಬೀಳದ ಬೈಕಿನವರು ಒಪ್ಪುತ್ತಾರೆ. "ಬಿಚ್ಚಿದ್ರೆ ಲಾಕ್ ಮುರಿಯುತ್ತೆ ಸಾರ್", "ಇವತ್ತೇ ಇನ್ನೊಬ್ರು ಬರ್ತಿದಾರೆ" ಎಂದರೆ ಅಲ್ಲಿಗೇ ಬಿಡಿ. ಮೆಕ್ಯಾನಿಕ್ ನಿಮ್ಮವರೇ ಇರಲಿ, ಮಾರುವವರು ತೋರಿಸಿದವರು ಬೇಡ. ಪ್ಯಾನೆಲ್ ಲಾಕ್ ಮುರಿಯದಂತೆ ಬಿಚ್ಚಲು ಆ ಮಾದರಿಯ ಮೇಲೆ ಕೈ ಓಡಿದವರೇ ಆಗಬೇಕು.

ಬಿಚ್ಚುವ ಮೊದಲೇ ನೋಡಬೇಕಾದ್ದು ಬೋಲ್ಟುಗಳನ್ನು. ಅಲೆನ್ ಬೋಲ್ಟಿನ ಕಿಂಡಿ ಸವೆದು ದುಂಡಗಾಗಿದೆಯೇ, ಒಂದು ಕಡೆ ಕಂಪನಿಯದು ಇನ್ನೊಂದು ಕಡೆ ಅಂಗಡಿಯದು ಇದೆಯೇ ಎಂದು ನೋಡಿ. ಎರಡು ಪ್ಯಾನೆಲ್‌ಗಳು ಸೇರುವ ಜಾಗದಲ್ಲಿ ಎಡಬಲ ಸಂದು ಒಂದೇ ಸಮ ಇರಬೇಕು. ಸ್ಟಿಕರ್ ಮೇಲೆ ಉಗುರು ಆಡಿಸಿ: ಅಂಚು ಉಗುರಿಗೆ ಸಿಕ್ಕುವುದು ಒಂದು ಕಡೆ ಮಾತ್ರವಾದರೆ ಆ ಕಡೆಯ ಪ್ಯಾನೆಲ್‌ಗೆ ಮತ್ತೆ ಬಣ್ಣ ಬಿದ್ದಿರುವ ಸಂಭವ ಹೆಚ್ಚು.

ಬಿಚ್ಚಿದ ಪ್ಯಾನೆಲ್‌ನ ಒಳಮೈ ತಿರುಗಿಸಿ. ಬಹುತೇಕ ಪ್ಲಾಸ್ಟಿಕ್ ಭಾಗಗಳ ಒಳಗೆ ಬೊಟ್ಟಿನಷ್ಟು ದೊಡ್ಡ ಒಂದು ವೃತ್ತ ಅಚ್ಚಾಗಿರುತ್ತದೆ. ಸುತ್ತ 1ರಿಂದ 12ರವರೆಗೆ ತಿಂಗಳ ಅಂಕಿ, ನಡುವೆ ವರ್ಷದ ಎರಡಂಕಿ, ತಿಂಗಳ ಕಡೆಗೆ ಒಂದು ಬಾಣ. ಅದು ಆ ಭಾಗ ಅಚ್ಚಿನಿಂದ ಹೊರಬಂದ ಕಾಲ. ಆರ್‌ಸಿಯಲ್ಲಿ ಗಾಡಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಪ್ಯಾನೆಲ್, ಹೆಡ್‌ಲೈಟ್, ಮುಂದಿನ ಮಡ್‌ಗಾರ್ಡ್ ಎಲ್ಲವೂ ಅದಕ್ಕಿಂತ ಸ್ವಲ್ಪ ಮುಂಚಿನವೇ ಆಗಿರಬೇಕು. ಗಾಡಿಗಿಂತ ಪ್ಯಾನೆಲ್ ಎಳೆಯದಾಗಿದ್ದರೆ ಅದು ಬದಲಾಗಿದೆ ಎಂದೇ ಅರ್ಥ.

ಪರಿಚಿತರೊಬ್ಬರ ಮಗನ ಜತೆ ನಾನು ನೋಡಲು ಹೋದ ಆರ್15 ಮೂರನೇ ಆವೃತ್ತಿಯ ಬೈಕಿನಲ್ಲಿ ಹೀಗೇ ಆಯಿತು. ಕೆಂಪು ಬಣ್ಣ, ಫಳಫಳ ಹೊಳೆಯುತ್ತಿತ್ತು, ಒಬ್ಬರೇ ಓನರ್. ಆರ್‌ಸಿಯಲ್ಲಿ 2018. ಎಡ ಪ್ಯಾನೆಲ್‌ನ ವೃತ್ತದಲ್ಲಿ 18, ಬಲ ಪ್ಯಾನೆಲ್‌ನಲ್ಲಿ 21, ಹೆಡ್‌ಲೈಟ್‌ನಲ್ಲೂ 21. ಕೇಳಿದರೆ, ಲೈಟಿನೊಳಗೆ ನೀರು ತುಂಬಿತ್ತು, ಅದಕ್ಕೆ ಬದಲಿಸಿದ್ದು ಎಂದರು. ರೇಡಿಯೇಟರ್ ಹಿಡಿದಿರುವ ಪಟ್ಟಿ ಒಮ್ಮೆ ಬಾಗಿ ಮತ್ತೆ ಸುತ್ತಿಗೆಯಲ್ಲಿ ನೆಟ್ಟಗಾದ ಗುರುತು ಬಣ್ಣದ ಕೆಳಗೇ ಕಾಣುತ್ತಿತ್ತು. ಹ್ಯಾಂಡಲ್ ಲಾಕಿನ ಮಟ್ಟ ತಲುಪಿದಾಗ ತಡೆಯುವ ಗುಬಟು ಬಲಗಡೆ ಚಪ್ಪಟೆಯಾಗಿತ್ತು. ನಾವು ಬೇಡ ಎಂದು ಎದ್ದ ಕೂಡಲೇ ಹದಿನೈದು ಸಾವಿರ ಕಡಿಮೆ ಮಾಡಲು ಒಪ್ಪಿದರು. ಬೆಲೆ ಇಳಿಸಿದ ಮಾತ್ರಕ್ಕೆ ಫ್ರೇಮ್ ನೆಟ್ಟಗಾಗುವುದಿಲ್ಲ ಎಂದು ಹುಡುಗನಿಗೆ ಒಪ್ಪಿಸುವುದೇ ಆವತ್ತಿನ ಕಷ್ಟದ ಕೆಲಸವಾಯಿತು.

ಆ ಗುಬಟಿನ ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ತಪಾಸಣೆಯಲ್ಲಿ ನಾನು ಅತಿ ಹೆಚ್ಚು ನಂಬುವುದು ಅದನ್ನೇ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿದಾಗ ಅದು ಟ್ಯಾಂಕಿಗೆ ತಾಗದಂತೆ ತಡೆಯಲು ಫೋರ್ಕ್ ಹಿಡಿದಿರುವ ಕೆಳಗಿನ 'ಟಿ' ಹಾಗೂ ಫ್ರೇಮಿನ ಕತ್ತು ಸೇರುವಲ್ಲಿ ಲೋಹದ ಪುಟ್ಟ ಉಬ್ಬು ಇರುತ್ತದೆ. ದಿನನಿತ್ಯದ ಬಳಕೆಯಲ್ಲಿ ಅಲ್ಲಿ ಬಣ್ಣ ತುಸು ಸವೆಯುತ್ತದೆ, ಅಷ್ಟೆ. ಬೈಕು ವೇಗದಲ್ಲಿ ಬಿದ್ದು ಉರುಳಿದಾಗ ಚಕ್ರ ಒಂದೇ ಸಲಕ್ಕೆ ಪಕ್ಕಕ್ಕೆ ತಿರುಚಿ, ಇಡೀ ಗಾಡಿಯ ತೂಕ ಆ ಉಬ್ಬಿನ ಮೇಲೆ ಬಡಿಯುತ್ತದೆ. ಆಗ ಅದು ನಜ್ಜಾಗುತ್ತದೆ, ಸೀಳುತ್ತದೆ ಅಥವಾ ತುಂಡಾಗುತ್ತದೆ. ಪ್ಯಾನೆಲ್, ಲೈಟು, ಲಿವರ್ ಎಲ್ಲ ಬದಲಿಸುವವರು ಇದನ್ನು ಬದಲಿಸಲಾರರು, ಏಕೆಂದರೆ ಒಂದು ಭಾಗ ಫ್ರೇಮಿಗೇ ಸೇರಿದ್ದು. ಟಾರ್ಚ್ ಹಿಡಿದು ಎರಡೂ ಕಡೆ ನೋಡಿ, ಬೆರಳಿಂದ ಮುಟ್ಟಿ. ಒಂದು ಕಡೆಗೆ ಹ್ಯಾಂಡಲ್ ಹೆಚ್ಚು ತಿರುಗಿ ಇನ್ನೊಂದು ಕಡೆಗೆ ಕಡಿಮೆ ತಿರುಗಿದರೆ, ಅಥವಾ ಅಲ್ಲಿ ಹೊಸ ವೆಲ್ಡಿಂಗ್ ಇದ್ದರೆ, ಮುಂದಿನ ಮಾತೇ ಬೇಡ. ಅಲ್ಲೇ ಹತ್ತಿರ ಫ್ರೇಮಿನ ಬಣ್ಣ ಸುಕ್ಕುಗಟ್ಟಿದ್ದರೂ ಹಾಗೇ. ಫ್ರೇಮಿಗೆ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ಏಕೆಂದು ಕೇಳಿ.

ಮುಂದಿನದು ದಾರದ ಪರೀಕ್ಷೆ. ಇದಕ್ಕೆ ಯಂತ್ರ ಬೇಡ, ಹತ್ತು ರೂಪಾಯಿಯ ನೈಲಾನ್ ದಾರ ಸಾಕು. ಬೈಕನ್ನು ಪ್ಯಾಡಕ್ ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಲ್ಲಿಸಿ. ದಾರದ ನಡುಭಾಗವನ್ನು ಹಿಂದಿನ ಟಯರಿನ ಹಿಂಬದಿಗೆ ಒತ್ತಿ, ಎರಡು ತುದಿಗಳನ್ನು ಎಡಬಲದಿಂದ ಮುಂದಕ್ಕೆ ತನ್ನಿ. ಸ್ಟ್ಯಾಂಡಿಗೆ, ಸೈಲೆನ್ಸರಿಗೆ ತಾಗದಷ್ಟು ಕೆಳಗಿರಲಿ. ದಾರ ಹಿಂದಿನ ಟಯರಿನ ಮುಂಬದಿಯ ಅಂಚನ್ನು ಆಗಷ್ಟೇ ತಾಗುವಂತೆ ಬಿಗಿಹಿಡಿದು, ಮುಂದಿನ ಟಯರಿನ ಎರಡೂ ಕಡೆ ಹಾಯಿಸಿ. ಹ್ಯಾಂಡಲ್ ನೇರ ಮಾಡಿ. ಮುಂದಿನ ಟಯರ್ ಸಣ್ಣದಾದ್ದರಿಂದ ದಾರಕ್ಕೂ ಅದಕ್ಕೂ ನಡುವೆ ಸಂದು ಉಳಿಯುತ್ತದೆ. ಆರ್15ರ ಹಿಂದಿನ ಟಯರ್ 140, ಮುಂದಿನದು 100 ಮಿ.ಮೀ. ಅಗಲದ್ದು, ಅಂದರೆ ಎರಡೂ ಕಡೆ ಸುಮಾರು ಎರಡು ಸೆಂಟಿಮೀಟರ್ ಸಂದು ಸಮನಾಗಿ ಬರಬೇಕು. ಒಂದು ಕಡೆ ಮೂರು, ಇನ್ನೊಂದು ಕಡೆ ಒಂದು ಬಂದರೆ ಮೊದಲು ಚೈನ್ ಬಿಗಿ ಮಾಡುವ ಗೆರೆಗಳು ಎರಡೂ ಕಡೆ ಒಂದೇ ಅಂಕಿಯಲ್ಲಿವೆಯೇ ನೋಡಿ, ಸರಿಪಡಿಸಿ, ಮತ್ತೆ ಹಿಡಿಯಿರಿ. ಆಗಲೂ ವ್ಯತ್ಯಾಸ ಉಳಿದರೆ ಫ್ರೇಮು, ಸ್ವಿಂಗ್ ಆರ್ಮ್, ಫೋರ್ಕ್ ಈ ಮೂರರಲ್ಲಿ ಒಂದು ಬಾಗಿದೆ. ಬಿಸಿ ಮಾಡಿ ನೆಟ್ಟಗೆ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಹಾಗೆ ಮಾಡಿದ ಅಲ್ಯುಮಿನಿಯಂ ಸ್ವಿಂಗ್ ಆರ್ಮಿನ ಮೇಲೆ ನನ್ನ ಮಗನನ್ನು ನಾನು ಕೂರಿಸುವುದಿಲ್ಲ.

ಫೋರ್ಕ್ ಕೊಳವೆಯ ಮೇಲೆ ಉಗುರು ಎಳೆಯಿರಿ. ತಡೆ ಸಿಕ್ಕರೆ, ಸೀಲ್ ಹತ್ತಿರ ಎಣ್ಣೆಯ ಉಂಗುರ ಕಂಡರೆ ಖರ್ಚಿದೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ಬೆರಳಲ್ಲಿ ನಿಧಾನಕ್ಕೆ ತಿರುಗಿಸಿ. ನಡುವಿಗೆ ಬಂದಾಗ ಕಟಕ್ ಎಂದು ಸಿಕ್ಕಿಕೊಂಡರೆ ಕೋನ್‌ಸೆಟ್ (ಹ್ಯಾಂಡಲ್ ಬೇರಿಂಗ್) ಹೋಗಿದೆ. ಅದು ಬದಲಿಸಬಹುದಾದ್ದು, ಬೆಲೆ ಇಳಿಸಿ ಸಾಕು. ಹಾಗೆಯೇ ಲಿವರ್ ತುದಿ, ಹ್ಯಾಂಡಲ್ ತುದಿ, ಫುಟ್‌ರೆಸ್ಟ್ ಉಜ್ಜಿದ್ದರೆ ಹೆದರಬೇಡಿ. ನಿಂತಲ್ಲೇ ಮಗುಚಿದ ಬೈಕಿನಲ್ಲೂ ಅವು ಉಜ್ಜಿರುತ್ತವೆ. ಬಿದ್ದ ಬೈಕೆಲ್ಲ ಕೆಟ್ಟದ್ದಲ್ಲ. ಎಲ್ಲಿಗೆ ಪೆಟ್ಟು ಬಿದ್ದಿದೆ ಎಂಬುದೇ ಮುಖ್ಯ.

ಚೇಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿಯ ಜತೆ ಅಂಕಿ ಅಂಕಿ ಹಿಡಿದು ತಾಳೆ ನೋಡಿ. ಪಂಚಿಂಗ್ ಸುತ್ತ ಗ್ರೈಂಡರ್ ಗೆರೆ ಇದ್ದರೆ, ಅಕ್ಷರಗಳು ಸಾಲು ತಪ್ಪಿದ್ದರೆ ಕದ್ದ ಗಾಡಿಯಾಗಿರಬಹುದು, ವಾದಿಸದೆ ಹೊರಟುಬಿಡಿ.

ಹೆಜ್ಜೆ 4: ಓಡಿಸಿ ನೋಡಿ, ಟ್ರಾಫಿಕ್ಕಿನಲ್ಲಿ

ಬರುತ್ತೇವೆ ಎಂದಾಗಲೇ ಗಾಡಿ ಸ್ಟಾರ್ಟ್ ಮಾಡಿಡಬೇಡಿ ಎಂದು ಹೇಳಿ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬಿಸಿಯಿದ್ದರೆ ಒಂದು ಗಂಟೆ ಕಾಯಿರಿ. ತಣ್ಣಗಿರುವಾಗ ಒಂದೇ ಸಲಕ್ಕೆ ಹಿಡಿಯಬೇಕು, ನೀಲಿ ಹೊಗೆ ಬರಬಾರದು.

ಬೆಳಗಿನ ಖಾಲಿ ರಸ್ತೆಯಲ್ಲಿ ಓಡಿಸಿದರೆ ಎಲ್ಲ ಬೈಕೂ ಚೆನ್ನ. ಸಂಜೆ ಆರಕ್ಕೆ ಶಿವಾಜಿನಗರ ಬಸ್ ನಿಲ್ದಾಣದ ಕಡೆಯಿಂದ ಹಲಸೂರು ಕೆರೆಯವರೆಗೆ ಹೋಗಿ ಬನ್ನಿ. ರೇಡಿಯೇಟರ್ ಫ್ಯಾನ್ ತಿರುಗುತ್ತದೆಯೇ, ಬಿಸಿಯಾದ ಮೇಲೆ ನ್ಯೂಟ್ರಲ್ ಸುಲಭವಾಗಿ ಬೀಳುತ್ತದೆಯೇ, ಅರ್ಧ ಕ್ಲಚ್ಚಿನಲ್ಲಿ ಜಾರುತ್ತದೆಯೇ ಎಂಬುದೆಲ್ಲ ತಿಳಿಯುವುದು ಅಲ್ಲೇ. ನಿಮ್ಮ ಮಣಿಕಟ್ಟಿಗೆ ಒಗ್ಗುತ್ತದೆಯೇ ಎಂಬುದೂ. ಆಮೇಲೆ ವಾಹನ ಕಡಿಮೆಯಿರುವ ನೇರ ರಸ್ತೆಯಲ್ಲಿ ಹ್ಯಾಂಡಲ್ ಹಿಡಿತ ಸಡಿಲಿಸಿ ಓಡಿಸಿ. ಒಂದೇ ಕಡೆಗೆ ಎಳೆಯಬಾರದು. ಕೈ ಪೂರ್ತಿ ಬಿಡುವ ಸಾಹಸ ಬೇಡ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2322 ಎಂದಿದ್ದರೆ 2022ರ ಇಪ್ಪತ್ತಮೂರನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಟಯರಿನಲ್ಲಿ ಗೆರೆ ಎಷ್ಟೇ ಉಳಿದಿದ್ದರೂ ರಬ್ಬರ್ ಗಡುಸಾಗಿರುತ್ತದೆ, ಮಳೆಯಲ್ಲಿ ಜಾರುತ್ತದೆ. ಮೀಟರಿನಲ್ಲಿ 9,000 ಕಿ.ಮೀ. ಇದ್ದು ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಬೆರಳಿಗೆ ಸಿಗುವ ದಿಬ್ಬ ಎದ್ದಿದ್ದರೆ ಮೀಟರನ್ನು ನಂಬಬೇಡಿ. ಕಂಪನಿ ಸರ್ವಿಸ್ ದಾಖಲೆ ಕೇಳಿ.

ಜೋರು ಸದ್ದಿನ ಸೈಲೆನ್ಸರ್ ಹಾಕಿದ್ದರೆ ಕಂಪನಿಯದನ್ನು ಹಾಕಿಸಿಕೊಟ್ಟ ಮೇಲೆಯೇ ವ್ಯವಹಾರ. ಅದಕ್ಕೆ ಹತ್ತು ಸಾವಿರದವರೆಗೆ ದಂಡವಿದೆ. ಇಂಥ ಸೈಲೆನ್ಸರ್‌ಗಳನ್ನು ಬೆಂಗಳೂರು ಪೊಲೀಸರು ರೋಡ್ ರೋಲರ್ ಕೆಳಗೆ ಹಾಕಿಸಿದ್ದನ್ನು ನೋಡಿದ್ದೀರಿ.

ಹೆಜ್ಜೆ 5: ಕಾಗದಪತ್ರ

ಸ್ಥಳವಿಲ್ಲ, ಮುಖ್ಯವಾದ್ದನ್ನಷ್ಟೇ ಹೇಳುತ್ತೇನೆ. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಸಾಲ, ವಿಮೆ ನೋಡಿ. ಟ್ರಾಫಿಕ್ ದಂಡ ಬಾಕಿಯಿದ್ದರೆ ಮಾರುವವರೇ ಕಟ್ಟಲಿ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. ವರ್ಗಾವಣೆಗೆ ಫಾರಂ 29 ಹಾಗೂ 30. ಖಾಲಿ ಫಾರಂಗೆ ಸಹಿ ಹಾಕಿಕೊಟ್ಟು 'ಆಮೇಲೆ ಮಾಡಿಸ್ಕೊಳ್ಳಿ' ಎನ್ನುವ ವ್ಯವಹಾರಕ್ಕೆ ಒಪ್ಪಬೇಡಿ. ಗಾಡಿ ಎಲ್ಲಿಯದೆಂದು ನಂಬರ್ ಪ್ಲೇಟಿನಲ್ಲೇ ನೋಡಿ: ಕೆಎ-03 ಇಂದಿರಾನಗರದ್ದು, ಕೆಎ-53 ಕೆ.ಆರ್. ಪುರದ್ದು, ಟಿಎನ್-70 ಎಂದರೆ ಹೊಸೂರು. ಹೊರ ರಾಜ್ಯದ್ದು ಅಗ್ಗ ಎನಿಸಿದರೆ ಎನ್‌ಒಸಿ, ಮರುನೋಂದಣಿ, ಕರ್ನಾಟಕದ ತೆರಿಗೆ ಸೇರಿಸಿ ಲೆಕ್ಕ ಹಾಕಿ.

ವಿಮೆ ಚಾಲ್ತಿಯಲ್ಲಿದೆ ಎಂದು ಕಂಡರೂ ಪಾಲಿಸಿ ಬಿಚ್ಚಿ ಓದಿ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾದ್ದರಿಂದ ಹಲವು ಬೈಕುಗಳಲ್ಲಿ ಅದೊಂದೇ ಉಳಿದಿರುತ್ತದೆ. ನಿಮ್ಮ ಹೆಸರಿಗೆ 14 ದಿನದೊಳಗೆ ಮಾಡಿಸಿ. ನಿಮ್ಮ ಹಳೆಯ ಬೈಕಿನ ನೋ ಕ್ಲೇಮ್ ಬೋನಸ್ ನಿಮ್ಮದೇ, ಗಾಡಿಯದ್ದಲ್ಲ; ವಿಮೆ ಕಂಪನಿಯಿಂದ ಪತ್ರ ಪಡೆದರೆ ಹೊಸದಕ್ಕೆ ಸಲ್ಲುತ್ತದೆ.

ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟವರು ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಾರೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗಾಡಿ ಕೊಟ್ಟ ದಿನಾಂಕ, ಸಮಯ, ಕಿಲೋಮೀಟರ್ ಬರೆಸಿ ರಸೀದಿ ಪಡೆಯಿರಿ. ಮಾರಿದ್ದನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಪರಿವಾಹನ್ ಜಾಲತಾಣದಲ್ಲಿ ನಿಮ್ಮ ಹೆಸರು ಹೋಗುವವರೆಗೆ ವಾರಕ್ಕೊಮ್ಮೆ ನೋಡುತ್ತಿರಿ.